ಬಿ.ಎಡ್ ಮಕ್ಕಳಿಗೆ ಹದಿಹರೆಯದ ಯೂನಿಟ್ ಹೇಗೆ ಪಾಠ ಮಾಡ್ತೀರಿ, ರೆಕಾರ್ಡ್ ಕಾಪಿ ಹೊಡೆಸೋದು ಬಿಟ್ಟು?

ದುರ್ಗದ_ಮೇಡಂ:

ಎಲ್ರಿಗೂ ನಮಸ್ಕಾರ. ಚಿತ್ರದುರ್ಗದ ಕಡೆ ಒಂದು ಬಿ.ಎಡ್ ಕಾಲೇಜಲ್ಲಿ ಸೈಕಾಲಜಿ ತಗೊಳ್ತೀನಿ. ಬಾಲ್ಯ ಮತ್ತು ಬೆಳವಣಿಗೆ ಪೇಪರಲ್ಲಿ ಹದಿಹರೆಯದ ಯೂನಿಟ್ ಇರುತ್ತಲ್ಲ, ಪ್ರತಿ ವರ್ಷ ಅದೇ ಕಥೆ. ನಾನು ಪಾಠ ಮಾಡ್ತೀನಿ, ಅವರು ಬರ್ಕೊಳ್ತಾರೆ, ಪರೀಕ್ಷೆಲಿ "ಹದಿಹರೆಯವು ಒತ್ತಡ ಮತ್ತು ಬಿರುಗಾಳಿಯ ಕಾಲ ಎಂದು ಮನೋವಿಜ್ಞಾನಿ ಸ್ಟಾನ್ಲಿ ಹಾಲ್ ಹೇಳಿದ್ದಾರೆ" ಅಂತ ಕೆಳಗೆ ಗೆರೆ ಎಳೆದು ಬರೀತಾರೆ, ಹುಟ್ಟಿನಿಂದ ಮುಪ್ಪಿನವರೆಗೆ ವ್ಯಕ್ತಿತ್ವ ಬೆಳೆಯೋದನ್ನ ಹೇಳೋ ಎರಿಕ್ಸನ್ನಿನ ಎಂಟು ಹಂತದ ಟೇಬಲ್ ಹಾಕ್ತಾರೆ, ಮಾರ್ಕ್ಸೂ ಬರುತ್ತೆ. ಅಲ್ಲಿಗೆ ಮುಗೀತು.

ತೊಂದ್ರೆ ಶುರುವಾಗೋದು ಇಂಟರ್ನ್‌ಶಿಪ್‌ಗೆ ಹೈಸ್ಕೂಲಿಗೆ ಹೋದ್ಮೇಲೆ. ಕಿಟಕಿ ಗಾಜಲ್ಲಿ ಕ್ರಾಪು ಸರಿ ಮಾಡ್ಕೊಂಡ ಹುಡುಗನಿಗೆ "ಐಡೆಂಟಿಟಿ ಕ್ರೈಸಿಸ್", ಎದುರು ಮಾತಾಡಿದ ಹುಡುಗಿಗೆ "ಬಿರುಗಾಳಿ", ಹಿಂದಿನ ಬೆಂಚಲ್ಲಿ ತೂಕಡಿಸಿದವನಿಗೆ "ಪ್ರೇರಣೆಯ ಕೊರತೆ". ನಾನು ಕಲಿಸಿದ ಪದಗಳೇ, ಆದ್ರೆ ಮಗು ಮೇಲೆ ಚೀಟಿ ಅಂಟಿಸೋಕೆ ಉಪಯೋಗ ಆಗ್ತಿವೆ. ಚೀಟಿ ಅಂಟಿಸಿದ್ಮೇಲೆ ಆ ಮಗು ಕಡೆ ತಿರುಗಿ ನೋಡೋರೂ ಇಲ್ಲ.

ಇನ್ನು ಏಕವ್ಯಕ್ತಿ ಅಧ್ಯಯನದ (ಒಂದೇ ಮಗುನ ನೋಡಿ ಬರೆಯೋ ಕೇಸ್ ಸ್ಟಡಿ) ರೆಕಾರ್ಡ್ ಅಂತೂ ಕೇಳಬೇಡಿ. ಹುಡುಗ ಕಲಿಕೆಯಲ್ಲಿ ಹಿಂದುಳಿದಿದ್ದಾನೆ, ತಂದೆ ಕುಡೀತಾರೆ, ತಾಯಿ ಕೂಲಿ, ಪರಿಹಾರವಾಗಿ ಪ್ರೀತಿಯಿಂದ ಮಾತಾಡಿಸಲಾಯಿತು, ಈಗ ಸುಧಾರಿಸಿದ್ದಾನೆ. ಈ ಹುಡುಗ ಸೀನಿಯರ್ಸ್ ರೆಕಾರ್ಡಲ್ಲೂ ಇದ್ದ, ಅವರ ಸೀನಿಯರ್ಸ್ ರೆಕಾರ್ಡಲ್ಲೂ ಇದ್ದ, ಹೆಸರು ಮಾತ್ರ ಬೇರೆ. ಇಷ್ಟು ವರ್ಷದಿಂದ ಸುಧಾರಿಸ್ತಾನೇ ಇದ್ದಾನೆ ಪಾಪ.

ನನ್ನ ಪ್ರಶ್ನೆ ಎರಡು. ಒಂದು, ಈ ಥಿಯರಿಗಳನ್ನ ಮಗುನ ನೋಡೋಕೆ ಸಹಾಯ ಆಗೋ ಥರ ಹೇಗೆ ಕಲಿಸೋದು, ಅಂದ್ರೆ ಟ್ರೈನಿಗಳ ಕೈಲಿ ನಿಜವಾಗ್ಲೂ ಏನು ಮಾಡಿಸ್ತೀರಿ? ಎರಡು, ಹಾಲ್ ಅವರನ್ನ ಇನ್ನೂ ಪಾಠ ಮಾಡಬೇಕಾ? ಸಿಲಬಸಲ್ಲಿದೆ, ಬಿಡೋ ಹಾಗಿಲ್ಲ ಗೊತ್ತು. ಆದ್ರೂ ಕೇಳ್ತಿದೀನಿ.

ಹಾಸನದ_ಸೈನ್ಸ್_ಮೇಷ್ಟ್ರು:

ಮೇಡಂ, ಎರಡನೇ ಪ್ರಶ್ನೆ ಓದಿದವರು ಹೇಳ್ಲಿ. ಮೊದಲನೇದಕ್ಕೆ ನನ್ನ ಹತ್ರ ಒಂದು ಉತ್ತರ ಇದೆ, ಅದಕ್ಕೆ ದಾರ ಮತ್ತೆ ನಟ್ಟು ಬೇಕು ಅಷ್ಟೆ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಹಂತ ಹಂತವಾಗಿ ಹೇಳಿದ ಪಿಯಾಜೆ ಬಗ್ಗೆ ನಿಮ್ಮ ಪುಸ್ತಕದಲ್ಲಿ ಏನಿರುತ್ತೆ, 11 ವರ್ಷದಿಂದ ಅಮೂರ್ತ ಚಿಂತನೆ ಶುರು ಅಂತ. ಟ್ರೈನಿಗಳು ಅದನ್ನ ಹುಟ್ಟುಹಬ್ಬದ ಥರ ಅಂದ್ಕೊಂಡಿರ್ತಾರೆ, 11 ತುಂಬಿತು ಅಮೂರ್ತ ಚಿಂತನೆ ಬಂತು. ಆದ್ರೆ ಪಿಯಾಜೆ ಮತ್ತೆ ಇನ್‌ಹೆಲ್ಡರ್ ಇದನ್ನ ಯಾವುದರಿಂದ ಕಂಡ್ಕೊಂಡ್ರು ಅಂದ್ರೆ ಮಕ್ಕಳ ಕೈಗೆ ಸಾಮಾನು ಕೊಟ್ಟು ಪ್ರಯೋಗ ಮಾಡಿಸಿ. ಅದರಲ್ಲಿ ಒಂದು ಲೋಲಕದ್ದು. ಕಿಟಕಿ ಸರಳಿಗೆ ದಾರ ಕಟ್ಟಿ, ತುದಿಗೆ ನಟ್ಟು. ಬೇರೆ ಬೇರೆ ಉದ್ದದ ದಾರ, ಸಣ್ಣ ನಟ್ಟು ದೊಡ್ಡ ನಟ್ಟು, ಹತ್ರದಿಂದ ಬಿಡು ಇಲ್ಲಾ ದೂರ ಎಳೆದು ಬಿಡು. ಎಂಟನೇ ಕ್ಲಾಸಿನ ಒಂದು ಮಗುನ ಕರೆದು ಒಂದೇ ಪ್ರಶ್ನೆ ಕೇಳಿ: ಇದು ಬೇಗ ಬೇಗ ತೂಗೋದು ನಿಧಾನ ತೂಗೋದು ಯಾವುದ್ರಿಂದ ಮಗಾ, ನೀನೇ ಕಂಡುಹಿಡಿ. ಆಮೇಲೆ ಬಾಯಿ ಮುಚ್ಕೊಂಡು ನೋಡಿ. ಟ್ರೈನಿಗಳಿಗೆ ಅತ್ಯಂತ ಕಷ್ಟದ ಭಾಗ ಈ ಬಾಯಿ ಮುಚ್ಕೊಳೋದೇ, ಹತ್ತು ಸೆಕೆಂಡಲ್ಲಿ ಹಿಂಟ್ ಕೊಟ್ಟುಬಿಡ್ತಾರೆ.

ನೋಡೋದು ಉತ್ತರ ಸರಿಯಾ ತಪ್ಪಾ ಅಂತ ಅಲ್ಲ. ಮಗು ಒಂದ್ಸಲಕ್ಕೆ ಒಂದನ್ನೇ ಬದಲಾಯಿಸುತ್ತಾ ಅನ್ನೋದು. ತುಂಬಾ ಮಕ್ಕಳು ಏನ್ ಮಾಡ್ತಾರೆ ಅಂದ್ರೆ ಗಿಡ್ಡ ದಾರಕ್ಕೆ ದೊಡ್ಡ ನಟ್ಟು ಕಟ್ತಾರೆ, ಉದ್ದ ದಾರಕ್ಕೆ ಸಣ್ಣದು ಕಟ್ತಾರೆ, ಗಿಡ್ಡದು ಬೇಗ ತೂಗುತ್ತೆ, "ನೋಡಿ ಸಾ, ಭಾರ ಇದ್ರೆ ಬೇಗ" ಅಂತಾರೆ. ಎರಡೂ ಒಟ್ಟಿಗೆ ಬದಲಾಯ್ಸಿದೀನಿ ಅನ್ನೋದು ತಲೆಗೆ ಹೋಗಿರಲ್ಲ. ಇನ್ನೊಂದು ಮಗು ಸುಮ್ನೆ ನಿಂತು ಯೋಚನೆ ಮಾಡಿ, ದಾರ ಹಾಗೇ ಇಟ್ಕೊಂಡು ನಟ್ಟು ಮಾತ್ರ ಬದಲಾಯ್ಸಿ "ಏನೂ ಆಗ್ಲಿಲ್ವಲ್ಲ" ಅನ್ನುತ್ತೆ. ಆ ಮುಖ ನೋಡಿದ ಟ್ರೈನಿ ಔಪಚಾರಿಕ ಕ್ರಿಯಾ ಹಂತ (ಈ ಅಮೂರ್ತ ಚಿಂತನೆಯ ಹಂತಕ್ಕೆ ಪಿಯಾಜೆ ಇಟ್ಟ ಹೆಸರು) ಅನ್ನೋದನ್ನ ಜನ್ಮದಲ್ಲಿ ಮರೆಯಲ್ಲ. ಇಬ್ರೂ ಒಂದೇ ಕ್ಲಾಸು, ಒಂದೇ ವಯಸ್ಸು.

ಇದಕ್ಕಿಂತ ಮಜಾ ಇನ್ನೊಂದಿದೆ, ಮೊದಲು ಟ್ರೈನಿಗಳಿಗೇ ಮಾಡ್ಸಿ. ಡಿಗ್ರಿ ಮುಗಿಸಿದವರಲ್ಲಿ ಎಷ್ಟೋ ಜನ ಭಾರದಿಂದ ಅಂತಾನೇ ವಾದ ಮಾಡ್ತಾರೆ, ಬಿಎಸ್ಸಿಯವರೂ ಸೇರಿ, ಫಾರ್ಮುಲಾ ಗೊತ್ತಿರುತ್ತೆ ಕೈಗೆ ಬಂದಿರಲ್ಲ. ಆಗ ಕೇಳಿ, 11 ವರ್ಷಕ್ಕೆ ಬರಬೇಕಾಗಿದ್ದು ನಿಮಗೆ ಯಾಕಪ್ಪಾ ಬಂದಿಲ್ಲ ಅಂತ.

ಪಿಯಾಜೆನೇ 1972ರಲ್ಲಿ ಒಂದು ಲೇಖನದಲ್ಲಿ ಇದನ್ನ ಸಡಿಲ ಮಾಡಿದ್ರು. ಎಲ್ರಿಗೂ 11-15ರಲ್ಲೇ ಬರಬೇಕು ಅಂತಿಲ್ಲ, 15ರಿಂದ 20ರ ಒಳಗೆ ಬರಬಹುದು, ಅದೂ ಅವರವರ ಆಸಕ್ತಿ, ಕಸುಬಿನ ಕ್ಷೇತ್ರದಲ್ಲಿ ಮೊದಲು ಕಾಣಿಸಬಹುದು ಅಂತ. ನಮ್ಮ ಕಡೆ ಇದಕ್ಕೆ ಉದಾಹರಣೆ ಬೇಕಾದಷ್ಟು. ಲೋಲಕದಲ್ಲಿ ಫೇಲಾದ ಒಬ್ಬ ಹುಡುಗ ಶುಂಠಿ ಬಗ್ಗೆ ಮಾತಾಡೋಕೆ ಶುರು ಮಾಡಿದ, ಮಳೆ ಜಾಸ್ತಿ ಆದ್ರೆ ಕೊಳೆ ಬರುತ್ತೆ, ಬಂದ್ರೆ ಪೂರ್ತಿ ಹೋಗುತ್ತೆ, ಮಳೆ ಕಮ್ಮಿ ಆಗಿ ರೇಟು ಬಿದ್ರೆ ಬೀಜದ ದುಡ್ಡೂ ಬರಲ್ಲ, ಹಂಗಾಗಿ ಅರ್ಧ ಎಕರೆ ಶುಂಠಿ ಅರ್ಧ ಜೋಳ ಅಂತ ಅಪ್ಪಂಗೆ ಹೇಳಿದೀನಿ ಅಂದ. ಹೀಗಾದ್ರೆ ಹಾಗೆ, ಹಾಗಾಗದಿದ್ರೆ ಹೀಗೆ. ಇದು ಅಮೂರ್ತ ಚಿಂತನೆ ಅಲ್ದೆ ಇನ್ನೇನು ಹೇಳಿ. ರೆಕಾರ್ಡಲ್ಲಿ ಇದನ್ನ ಬರೆಸಿ ಮೇಡಂ, ಕಾಪಿ ಹೊಡೆಯೋಕೆ ಆಗಲ್ಲ.

ಮೈಸೂರ್_ರಿಸರ್ಚರ್:

ಮೇಷ್ಟ್ರೇ ಸೂಪರ್ 👏 ಇದನ್ನ ಕದೀತೀನಿ.

ಹಾಲ್ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಪಾಠ ಮಾಡಲೇಬೇಕು, ಆದ್ರೆ ಉತ್ತರವಾಗಿ ಅಲ್ಲ, ಒಂದು ಜಗಳದ ಮೊದಲನೇ ಮಾತಾಗಿ. ಪುಸ್ತಕಗಳಲ್ಲಿ ಆ ಒಂದೇ ವಾಕ್ಯ ಇರೋದ್ರಿಂದ ಅದು ನಿಯಮ ಅನ್ನೋ ಥರ ಆಗಿದೆ, ಆಮೇಲೆ ಅವರಿಗೆ ಯಾರು ಏನು ಉತ್ತರ ಕೊಟ್ರು ಅನ್ನೋದು ಟ್ರೈನಿಗಳಿಗೆ ಗೊತ್ತೇ ಆಗಲ್ಲ.

ಹಾಲ್ ಬರೆದಿದ್ದು 1904ರಲ್ಲಿ, ಅಮೆರಿಕದಲ್ಲಿ, ಎರಡು ದಪ್ಪ ಸಂಪುಟ. ಅವರ ಇಡೀ ವಾದ ನಿಂತಿದ್ದು ಏನರ ಮೇಲೆ ಅಂದ್ರೆ, ಒಬ್ಬೊಬ್ಬ ಮನುಷ್ಯನೂ ಬೆಳೆಯುವಾಗ ಇಡೀ ಮಾನವ ಕುಲದ ಇತಿಹಾಸವನ್ನ ಮತ್ತೆ ಹಾದು ಬರ್ತಾನೆ, ಅನಾಗರಿಕ ಹಂತದಿಂದ ನಾಗರಿಕ ಹಂತಕ್ಕೆ ದಾಟೋ ಗಲಾಟೆಯ ಕಾಲವೇ ಹದಿಹರೆಯ ಅಂತ. ಈ ಅಡಿಪಾಯವನ್ನ ವಿಜ್ಞಾನ ಯಾವಾಗಲೋ ತೆಗೆದುಹಾಕಿದೆ. ಮೇಲಿನ ಮನೆ ಮಾತ್ರ ನಮ್ಮ ಗೈಡುಗಳಲ್ಲಿ ಇನ್ನೂ ನಿಂತಿದೆ, ಅಡಿಪಾಯ ಇಲ್ದೇನೆ.

ಮುಂದೆ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1925ರಲ್ಲಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ಹೋದ್ರು, ಆಗ ಅವರಿಗೆ 23 ವರ್ಷ, ಅಂದ್ರೆ ನಿಮ್ಮ ಟ್ರೈನಿಗಳ ವಯಸ್ಸೇ. ಅಲ್ಲಿನ ಹುಡುಗಿಯರಿಗೆ ಈ ಬಿರುಗಾಳಿ ಏನೂ ಇಲ್ಲ, ಸಲೀಸಾಗಿ ದೊಡ್ಡವರಾಗ್ತಾರೆ ಅಂತ 1928ರಲ್ಲಿ ಬರೆದ್ರು. 1983ರಲ್ಲಿ ಇನ್ನೊಬ್ಬ ಮಾನವಶಾಸ್ತ್ರಜ್ಞ ಡೆರೆಕ್ ಫ್ರೀಮನ್ ಬಂದು ಮೀಡ್ ಹೇಳಿದ್ದು ಸರಿ ಇಲ್ಲ ಅಂದ್ರು, ಆಮೇಲೆ ಫ್ರೀಮನ್ ಹೇಳಿದ್ದೂ ಸರಿ ಇಲ್ಲ ಅಂತ ಇನ್ನಷ್ಟು ಜನ. ಈ ಜಗಳನ ಕ್ಲಾಸಲ್ಲಿ ಎರಡು ಗುಂಪು ಮಾಡಿ ಆಡ್ಸಿ, ಚೆನ್ನಾಗಿರುತ್ತೆ.

ಇನ್ನೊಂದು ಕಡೆ ಶಿಕಾಗೋದಲ್ಲಿ ಡೇನಿಯಲ್ ಆಫರ್ ಅನ್ನೋ ಮನೋವೈದ್ಯರು 1960ರ ದಶಕದಲ್ಲಿ ಮಾಡಿದ್ದು ಬಹಳ ಸರಳ. ಅಲ್ಲೀವರೆಗೂ ಹದಿಹರೆಯದ ಬಗ್ಗೆ ಹೇಳ್ತಿದ್ದ ಡಾಕ್ಟರುಗಳೆಲ್ಲ ನೋಡಿದ್ದು ಕ್ಲಿನಿಕ್ಕಿಗೆ ಬಂದ ಮಕ್ಕಳನ್ನ. ಆಫರ್ ಮಾಮೂಲಿ ಹೈಸ್ಕೂಲ್ ಹುಡುಗರನ್ನ ವರ್ಷಗಟ್ಟಲೆ ನೋಡಿದ್ರು, ಬಹುಪಾಲು ಹುಡುಗರು ಆರಾಮಾಗೇ ಇದ್ರು. ಆಸ್ಪತ್ರೆ ಬಾಗಿಲಲ್ಲಿ ಕೂತು ಊರೆಲ್ಲ ಕಾಯಿಲೆ ಅಂದ ಹಾಗಾಗಿತ್ತು ಅದುವರೆಗೆ. 1999ರಲ್ಲಿ ಮನೋವಿಜ್ಞಾನಿ ಜೆಫ್ರಿ ಆರ್ನೆಟ್ ಇದನ್ನೆಲ್ಲ ಒಟ್ಟು ಹಾಕಿ, ಅಪ್ಪ ಅಮ್ಮನ ಜೊತೆ ಕಿತ್ತಾಟ, ಮೂಡ್ ಏರಿಳಿತ, ಅಪಾಯದ ಸಾಹಸ ಈ ಮೂರೂ ಈ ವಯಸ್ಸಲ್ಲಿ ಬೇರೆ ವಯಸ್ಸಿಗಿಂತ ಹೆಚ್ಚು ಹೌದು, ಆದ್ರೆ ಎಲ್ರಿಗೂ ಇಲ್ಲ, ಎಲ್ಲ ಸಂಸ್ಕೃತಿಯಲ್ಲೂ ಒಂದೇ ಪ್ರಮಾಣ ಇಲ್ಲ ಅಂದ್ರು. ಪರೀಕ್ಷೆಲಿ ಹಾಲ್ ಬಂದ್ರೆ ಈ ಸಾಲು ಸೇರಿಸಿ ಬರೀಲಿ, ಮಾರ್ಕ್ಸ್ ಕಮ್ಮಿ ಆಗಲ್ಲ.

ನಮ್ಮ ದೇಶದ್ದು ಬೇಕು ಅಂದ್ರೆ ಎರಡು ಹೇಳ್ತೀನಿ. ಚಂಡೀಗಢದಲ್ಲಿ ಸುಮನ್ ವರ್ಮಾ ಅವರು ಅಮೆರಿಕದ ರೀಡ್ ಲಾರ್ಸನ್ ಜೊತೆ ಸೇರಿ ಎಂಟನೇ ಕ್ಲಾಸಿನ 100 ಮಧ್ಯಮವರ್ಗದ ಮಕ್ಕಳ ಮೇಲೆ ಒಂದು ಸ್ಟಡಿ ಮಾಡಿದ್ರು. ದಿನದಲ್ಲಿ ಯಾವಾಗ್ಯಾವಾಗಲೋ ಸಿಗ್ನಲ್ ಬರುತ್ತೆ, ಬಂದ ತಕ್ಷಣ ಮಗು ಈಗ ಏನ್ ಮಾಡ್ತಿದೀನಿ, ಹೆಂಗನ್ನಿಸ್ತಿದೆ ಅಂತ ಬರೀಬೇಕು. ಎಚ್ಚರ ಇರೋ ಹೊತ್ತಿನ ಮೂರನೇ ಒಂದು ಭಾಗ ಓದಿನ ಕೆಲಸಕ್ಕೇ ಹೋಗ್ತಿತ್ತು, ಬೇಜಾರು, ಸಿಟ್ಟು, ಚಿಂತೆ ಜಾಸ್ತಿ ಇದ್ದಿದ್ದೂ ಆ ಹೊತ್ತಲ್ಲೇ. ಅಂದ್ರೆ ಬಿರುಗಾಳಿ ಹಾರ್ಮೋನಿಂದ ಬಂತೋ ಹೋಂವರ್ಕಿಂದ ಬಂತೋ ಅಂತ ಕೇಳಬೇಕಾಗುತ್ತೆ. ಇದನ್ನ ಪುಕ್ಕಟೆ ಮಾಡಿಸಬಹುದು ಮೇಡಂ. ಟ್ರೈನಿಗಳೇ ಮೊಬೈಲಲ್ಲಿ ಬೇಕಾಬಿಟ್ಟಿ ಹೊತ್ತಿಗೆ ಅಲಾರಾಂ ಇಟ್ಕೊಂಡು ಒಂದು ವಾರ ತಮ್ಮದೇ ಡೈರಿ ಬರೀಲಿ. ಮಕ್ಕಳ ಮೇಲೆ ಮಾಡೋಕೆ ಮುಂಚೆ ತಮ್ಮ ಮೇಲೆ.

ಇನ್ನೊಂದು ಬರೋಡಾದ ಟಿ.ಎಸ್. ಸರಸ್ವತಿ ಅವರದ್ದು. 1999ರಲ್ಲಿ ಅವರು ಕೇಳಿದ ಪ್ರಶ್ನೆ, ಭಾರತದಲ್ಲಿ ಹದಿಹರೆಯ ಅನ್ನೋದು ಒಂದು ಪ್ರತ್ಯೇಕ ಹಂತವಾಗಿ ಇದೆಯಾ ಇಲ್ವಾ. ಅವರ ವಾದ ಸುಮಾರಾಗಿ ಹೀಗೆ, ಮೇಲ್ವರ್ಗದ ಪೇಟೆ ಹುಡುಗನಿಗೆ ಓದು, ಫ್ರೆಂಡ್ಸು, ಮುಂದೇನು ಅಂತ ಯೋಚಿಸೋಕೆ ವರ್ಷಗಳು ಸಿಗ್ತವೆ, ಬಡವರ ಮನೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಬಾಲ್ಯದಿಂದ ನೇರ ದೊಡ್ಡವರ ಕೆಲಸಕ್ಕೆ ಬಂದುಬಿಡ್ತಾರೆ, ಮಧ್ಯೆ ಗ್ಯಾಪೇ ಇರಲ್ಲ. ನಿಮ್ಮ ಟ್ರೈನಿಗಳು ಪಾಠ ಮಾಡೋದು ಇವರಿಗೇ ತಾನೆ.

ರಾಯಚೂರ_ಮಾಸ್ತರ:

ಮ್ಯಾಲಿನವ್ರು ಕಡೀಕ ಹೇಳಿದ ಮಾತು ನಮ್ಮ ಸಾಲ್ಯಾಗ ದಿನಾ ಕಾಣ್ತೈತ್ರಿ. ದೀಪಾವಳಿ ಹಿಂದ ಮುಂದ ಬರ್ರಿ ಒಮ್ಮಿ ನಮ್ಮ ಕಡೆ. ಹತ್ತಿ ಬಿಡಸಾಕ ಹೋಗಿರ್ತಾವ ಮಕ್ಕಳು, ಎಂಟನೇತ್ತ ಒಂಬತ್ತನೇತ್ತ ಅರ್ಧ ಬೆಂಚು ಖಾಲಿ. ಅದು ಮುಗಿತಿದ್ದಂಗ ಮೆಣಸಿನಕಾಯಿ. ಕೇಜಿ ಲೆಕ್ಕದಾಗ ಕೂಲಿ. ಹುಡುಗಿ ಹೋದ್ರ ಸಣ್ಣ ತಮ್ಮನ್ನೂ ಬಗಲಾಗ ಕಟಗೊಂಡು ಹೋಗ್ತಾಳ. ಹೊಳ್ಳಿ ಸಾಲಿಗೆ ಬಂದಾಗ ಬೆರಳ ತುದಿ ನೋಡ್ರಿ, ಹತ್ತಿ ಕಾಯಿ ಸಿಪ್ಪಿ ಚುಚ್ಚಿ ಚುಚ್ಚಿ ಬಿರಿದಿರ್ತಾವ, ಪೆನ್ನು ಹಿಡಿಯಾಕ ಒದ್ದಾಡತಾಳ. ಹಂತಾಕಿ ಎದುರು ಬಿ.ಎಡ್ ಹುಡುಗ ನಿಂತು "ಹದಿಹರೆಯದ ಅಭಿವೃದ್ಧಿ ಕಾರ್ಯಗಳು" ಅಂತ ಚಾರ್ಟ್ ತೂಗಹಾಕ್ತಾನ. ಆಕಿ ಅವನಕಿಂತ ದೊಡ್ಡಾಕಿ ಆಗಿ ಭಾಳ ದಿನ ಆತು.

ಒಂದು ಮಾತು ಟ್ರೈನಿಗಳಿಗೆ ಹೇಳ್ರಿ ಮೇಡಂ. ಸುಸ್ತಾಗಿ ಕುಂತ ಹುಡುಗಿಗೆ ಸೈಕಾಲಜಿ ಹಚ್ಚೂಕಿಂತ ಮೊದಲ ಕಣ್ಣ ಕೆಳಗಿನ ರೆಪ್ಪಿ ಬಿಡಿಸಿ ನೋಡಂತ ಆರೋಗ್ಯ ಸಹಾಯಕಿಗೆ ಹೇಳ್ರಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಾಗ 15-19 ವಯಸ್ಸಿನ ಹೆಣ್ಮಕ್ಕಳೊಳಗ 59.1 ಪರ್ಸೆಂಟ್ ಮಂದಿಗೆ ರಕ್ತಹೀನತೆ ಐತಿ, ಗಂಡು ಹುಡುಗ್ರೊಳಗೂ 31.1. ವಾರಕ್ಕೊಂದು ನೀಲಿ ಗುಳಿಗಿ ಸಾಲ್ಯಾಗ ಕೊಡ್ತೀವಿ, ಕಬ್ಬಿಣಾಂಶ ಫೋಲಿಕ್ ಆಸಿಡ್ ಇದ್ದದ್ದು. ಖಾಲಿ ಹೊಟ್ಟಿಲೆ ತಗೊಂಡ್ರ ಹೊಟ್ಟಿ ತೊಳಸ್ತೈತಿ ಅಂತ ಜಗ್ಗಿ ಮಂದಿ ಬಾಯಾಗ ಇಟಗೊಂಡು ಹೊರಗ ಹೋಗಿ ಉಗುಳ್ತಾವ. ಊಟ ಆದಮ್ಯಾಲೆ ಎದುರ ನಿಂತು ನುಂಗಿಸಬೇಕು. ಇದು ಹದಿಹರೆಯದ ಪಾಠದಾಗ ಬರಬೇಕೋ ಬ್ಯಾಡೋ? "ದೈಹಿಕ ಬೆಳವಣಿಗೆ: ಎತ್ತರ, ತೂಕ ಹೆಚ್ಚುತ್ತದೆ" ಅಷ್ಟ ಬರದ್ರ ಹೆಂಗ್ರಿ.

ಹಂಗ ಇನ್ನೊಂದು. ವಾರ್ಷಿಕ ಪರೀಕ್ಷೆ ಮುಗಿದ ರಜಾದಾಗ ಕೆಲವು ಹುಡುಗ್ಯಾರ ಮದವಿ ಮಾತು ನಡಿತಾವ. ಅದು ಮೊದಲ ಗೊತ್ತಾಗೂದು ಗೆಳತ್ಯಾರಿಗೆ, ಆಮ್ಯಾಲೆ ಹೊಸದಾಗಿ ಬಂದ ಟೀಚರಮ್ಮಗ. ನಮ್ಮಂಥ ಹಳಬರಿಗೆ ಹೇಳಂಗಿಲ್ಲ. ಟ್ರೈನಿ ಕಿವಿಗೆ ಬಿದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಬೇಕು, ಹೆಡ್ಮಾಸ್ತರಿಗೆ ಹೇಳಬೇಕು ಅನ್ನೂದು ಇಂಟರ್ನ್‌ಶಿಪ್‌ಗೆ ಹೊಂಡೂಕಿಂತ ಮೊದಲ ಗೊತ್ತಿರಬೇಕು. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಆದ್ರೂ ಅದು ಮೊದಲಿನಿಂದನ ಅಸಿಂಧು.

ಶಾಲಾ_ಕೌನ್ಸೆಲರ್:

ಮಾಸ್ತರ ಹೇಳಿದ್ದಕ್ಕೆ ಸೇರಿಸ್ತೀನಿ, ಸ್ವಲ್ಪ ಕಟುವಾಗಿ ಹೇಳಿದ್ರೆ ಕ್ಷಮಿಸಿ.

ಈ ಏಕವ್ಯಕ್ತಿ ಅಧ್ಯಯನ ಇದೆಯಲ್ಲ, ಕಾಪಿ ಹೊಡೆದದ್ದೇ ಎಷ್ಟೋ ವಾಸಿ ಅನ್ನಿಸೋ ಅಷ್ಟು ಭಯ ಆಗುತ್ತೆ ನನಗೆ ನಿಜವಾದ್ದು ನೋಡಿದಾಗ. ಮಗುವಿನ ಪೂರ್ತಿ ಹೆಸರು, ಊರು, ಜಾತಿ, ಅಪ್ಪನ ಕುಡಿತ, ಯಾರ ಜೊತೆ ಓಡಾಡ್ತಾಳೆ, ಎಲ್ಲ ಬರೆದು ಫೋಟೋ ಅಂಟಿಸಿ, ಅದು ಕಾಲೇಜಿನ ಬೀರುವಲ್ಲಿ ವರ್ಷಗಟ್ಟಲೆ ಬಿದ್ದಿರುತ್ತೆ, ಯಾರು ಬೇಕಾದ್ರೂ ತೆಗೆದು ಓದಬಹುದು. ಆ ಮಗುವಿನ ಅತ್ತೆ ಮಗಳೇ ಮುಂದಿನ ಬ್ಯಾಚಲ್ಲಿ ಇರಬಹುದು! ಮಗುನ ಕೇಳಿದ್ರಾ? ಮನೆಯವರನ್ನ ಕೇಳಿದ್ರಾ? ಹೆಡ್ ಮಾಸ್ಟರ್ ಪರ್ಮಿಷನ್ ಕೊಟ್ರು ಅನ್ನೋದು ಉತ್ತರ ಅಲ್ಲ.

ಟ್ರೈನಿಗಳು ಮಾಡೋ ಇನ್ನೊಂದು ಕೆಲಸ, "ನನ್ನ ಹತ್ರ ಏನ್ ಬೇಕಾದ್ರೂ ಹೇಳು, ಯಾರಿಗೂ ಹೇಳಲ್ಲ" ಅಂತ ಭಾಷೆ ಕೊಡೋದು. ಕೊಡೋ ಹಾಗಿಲ್ಲ. 2012ರ ಪೋಕ್ಸೋ ಕಾಯ್ದೆ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನ ರಕ್ಷಿಸೋ ಕಾನೂನು) 19ನೇ ಸೆಕ್ಷನ್ ಪ್ರಕಾರ 18 ವರ್ಷದ ಒಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದ ಯಾರೇ ಆಗ್ಲಿ ಪೊಲೀಸ್‌ಗೆ ತಿಳಿಸಬೇಕು, ತಿಳಿಸದಿದ್ರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಟ್ರೈನಿ ಅಂತ ರಿಯಾಯ್ತಿ ಇಲ್ಲ. ಮಗು ಬಾಯಿ ಬಿಟ್ಟ ಮೇಲೆ "ಅಯ್ಯೋ ಇದನ್ನ ಹೇಳಲೇಬೇಕು" ಅಂದ್ರೆ ಆ ಮಗು ಇನ್ನು ಯಾವ ಟೀಚರನ್ನೂ ನಂಬಲ್ಲ. ಮೊದಲೇ ಹೇಳಬೇಕು, "ನಿನಗೆ ಅಪಾಯ ಇದೆ ಅನ್ನೋ ವಿಷಯ ಆದ್ರೆ ಸಹಾಯ ಮಾಡೋರಿಗೆ ತಿಳಿಸ್ತೀನಿ, ಮಿಕ್ಕಿದ್ದು ನಮ್ಮಿಬ್ರಲ್ಲೇ". ಹಾಗೆ ಹೇಳಿದ್ರೂ ಮಕ್ಕಳು ಮಾತಾಡ್ತಾರೆ.

ಹದಿಹರೆಯದ ಯೂನಿಟ್ ಮುಗಿಯೋ ಹೊತ್ತಿಗೆ ಟ್ರೈನಿ ಕೈಲಿ ಮೂರು ನಂಬರ್ ಇರಲಿ: ಮಕ್ಕಳ ಸಹಾಯವಾಣಿ 1098, ಮನಸ್ಸಿಗೆ ಸಂಬಂಧಿಸಿದ್ದಕ್ಕೆ ಟೆಲಿ ಮಾನಸ್ 14416, ತುರ್ತಿಗೆ 112. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಇದ್ರೆ ಒಂದ್ಸಲ ಎಲ್ರನ್ನೂ ಕರ್ಕೊಂಡು ಹೋಗಿ, ಹದಿಹರೆಯದವರಿಗೆ ಅಂತಾನೇ ಇರೋದು ಅದು. ಟ್ರೈನಿ ಕೌನ್ಸೆಲರ್ ಅಲ್ಲ, ಯಾರ ಹತ್ರ ಕಳಿಸಬೇಕು ಅಂತ ಗೊತ್ತಿದ್ರೆ ಸಾಕು.

ಬಿಎಡ್_ಎರಡನೇ_ವರ್ಷ:

ಟ್ರೈನಿಗಳಿಗೆ ಇಷ್ಟೊಂದು ಬೈಗುಳ ಬೀಳ್ತಿರೋದು ನೋಡಿ ಲಾಗಿನ್ ಆದೆ 😅 ಕಾಪಿ ಹೊಡೀತೀವಿ ಹೌದು, ಲೆಸನ್ ಪ್ಲಾನ್, ಟಿಎಲ್‌ಎಂ (ಪಾಠೋಪಕರಣ), ಎಲ್ಲದಕ್ಕೂ ಬೇರೆ ಬೇರೆ ರೆಕಾರ್ಡು, ರಾತ್ರಿ ಇಡೀ ಮಾರ್ಜಿನ್ ಹಾಕ್ತಾ ಕೂತಿರ್ತೀವಿ, ಮಗುನ ನೋಡೋಕೆ ಟೈಮ್ ಎಲ್ಲಿದೆ ಹೇಳಿ. ಮೇಡಂ ರೆಕಾರ್ಡ್ ಕಮ್ಮಿ ಮಾಡಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ಆದ್ರೆ ಒಂದು ಹೇಳಬೇಕು. ನನ್ನ ಇಂಟರ್ನ್‌ಶಿಪ್ ಸ್ಕೂಲಲ್ಲಿ ಒಂಬತ್ತನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಕನ್ನಡ ಪದ್ಯ ಓದು ಅಂದ್ರೆ ಎದ್ದು ನಿಲ್ತಾನೆ, ಪುಸ್ತಕ ಬಿಡಿಸ್ತಾನೆ, ಓದಲ್ಲ. ಬೈದ್ರೂ ಇಲ್ಲ. ಆ ಕ್ಲಾಸಿನ ಟೀಚರ್ "ಇವನು ಹಂಗೇ, ಮೊಂಡ" ಅಂದ್ರು. ನಾನೂ ಅದೇ ಬರ್ಕೊಂಡೆ. ಒಂದಿನ ಬಲವಂತಕ್ಕೆ ಒಂದು ಸಾಲು ಓದಿದ, ಗಂಟಲು ಒಡೆದಿತ್ತು, ಗೊಗ್ಗರು ಧ್ವನಿಯಲ್ಲಿ ಶುರುವಾಗಿ ಮಧ್ಯದಲ್ಲಿ ಕೀಚಲಾಗಿ ಮತ್ತೆ ಗೊಗ್ಗರು. ಹುಡುಗೀರ ಸಾಲು ಮೊದ್ಲು ನಗ್ತು, ಆಮೇಲೆ ಹುಡುಗ್ರು. ಕಿವಿ ತುದಿವರೆಗೂ ಕೆಂಪಾಗಿ ಕೂತ್ಬಿಟ್ಟ.

ಮನೋವಿಜ್ಞಾನಿ ಎಲ್ಕೈಂಡ್ ಅವರ ಕಾಲ್ಪನಿಕ ಪ್ರೇಕ್ಷಕರು ನಾವು ಓದಿದ್ವಲ್ಲ, ಹದಿಹರೆಯದವರು ಎಲ್ರೂ ತಮ್ಮನ್ನೇ ನೋಡ್ತಿದಾರೆ ಅಂದ್ಕೊಳ್ತಾರೆ ಅಂತ, 1967. ಇಲ್ಲಿ ಕಾಲ್ಪನಿಕ ಎಲ್ಲಿ ಬಂತು, ಇಡೀ ಕ್ಲಾಸು ನಿಜವಾಗ್ಲೂ ನೋಡ್ತಿತ್ತು, ನಿಜವಾಗ್ಲೂ ನಗ್ತಿತ್ತು. ಆಮೇಲೆ ನಾನು ಒಬ್ಬೊಬ್ಬರನ್ನ ಓದಿಸೋದು ಬಿಟ್ಟು ನಾಲ್ಕು ಜನ ಒಟ್ಟಿಗೆ ಓದಿ ಅಂದೆ, ಅವನೂ ಸೇರ್ಕೊಂಡ, ಪುಸ್ತಕ ನೋಡ್ದೇನೇ ಹೇಳ್ತಿದ್ದ ಪೂರ್ತಿ.

ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಅವರ 2005ರ ಪ್ರಯೋಗ ಇದೆಯಲ್ಲ, ಕಂಪ್ಯೂಟರ್ ಕಾರ್ ಗೇಮು, ಒಬ್ಬರೇ ಆಡಿದಾಗ ಮತ್ತೆ ಫ್ರೆಂಡ್ಸ್ ಪಕ್ಕ ನಿಂತಾಗ. 13-16 ವರ್ಷದವರು ಫ್ರೆಂಡ್ಸ್ ಮುಂದೆ ತುಂಬಾ ಜಾಸ್ತಿ ರಿಸ್ಕ್ ತಗೊಂಡ್ರು, 24 ದಾಟಿದವರಲ್ಲಿ ಹಾಗಾಗ್ಲಿಲ್ಲ. ನಮ್ಮ ಟೀಚರ್ಸು ಇದನ್ನ ಅಪಾಯದ ವಿಷಯಕ್ಕೆ ಮಾತ್ರ ಹೇಳ್ತಾರೆ. ಎಲ್ರ ಮುಂದೆ ಎದ್ದು ನಿಲ್ಲಿಸಿ ಬೈದ್ರೆ ಹುಡುಗ ಯಾಕೆ ತಿರುಗಿ ಮಾತಾಡ್ತಾನೆ, ಅದೇ ಹುಡುಗನ್ನ ಕಾರಿಡಾರಲ್ಲಿ ಒಬ್ಬನೇ ಕರೆದು ಕೇಳಿದ್ರೆ ಯಾಕೆ ತಲೆ ತಗ್ಗಿಸ್ತಾನೆ ಅನ್ನೋದಕ್ಕೂ ಇದು ಬರುತ್ತೆ ಅಂತ ನನಗನ್ಸುತ್ತೆ. ತಪ್ಪಿದ್ರೆ ಹೇಳಿ.

ಮೈಸೂರ್_ರಿಸರ್ಚರ್:

@ಬಿಎಡ್_ಎರಡನೇ_ವರ್ಷ ತಪ್ಪಿಲ್ಲ, ಒಳ್ಳೆ ಓದು. ಒಂದೇ ಎಚ್ಚರಿಕೆ, ಆ ಪ್ರಯೋಗ ಅಳೆದಿದ್ದು ರಿಸ್ಕ್ ಮಾತ್ರ, ಎದುರುತ್ತರ ಅಲ್ಲ, ನೀವು ಮಾಡಿದ್ದು ಒಂದು ಊಹೆ. ಊಹೆ ಅಂತಾನೇ ಬರೀರಿ ರೆಕಾರ್ಡಲ್ಲಿ. ಮತ್ತೆ ಈಗ ಎಲ್ರೂ "ಮೆದುಳು 25ಕ್ಕೆ ಬೆಳೆದು ಮುಗಿಯುತ್ತೆ" ಅಂತ ಸ್ಟೇಟಸ್ ಹಾಕ್ತಾರೆ, ಅದನ್ನೂ ಹಾಲ್ ವಾಕ್ಯದ ಥರ ಗೆರೆ ಎಳೆದು ಬರೀಬೇಡಿ. ಮುಂಭಾಗದ ಕಾರ್ಟೆಕ್ಸ್ ಇಪ್ಪತ್ತರ ನಂತರವೂ ನಿಧಾನಕ್ಕೆ ಮಾಗ್ತಾ ಹೋಗುತ್ತೆ ಅನ್ನೋದು ಸರಿ, 25ನೇ ಹುಟ್ಟುಹಬ್ಬದ ದಿನ ಏನೂ ಆಗಲ್ಲ.

ದುರ್ಗದ_ಮೇಡಂ:

ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕೌನ್ಸೆಲರ್ ಮೇಡಂ, ಬೀರುವಲ್ಲಿರೋ ಹಳೇ ರೆಕಾರ್ಡುಗಳ ಬಗ್ಗೆ ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ, ವಾಪಸ್ ಕೊಡೋದೋ ನಾಶ ಮಾಡೋದೋ ಒಂದು ತೀರ್ಮಾನ ಆಗ್ಬೇಕು.

ಈ ಸಲ ಹೀಗೆ ಮಾಡೋಣ ಅಂದ್ಕೊಂಡಿದೀನಿ. ಹೆಸರಿರೋ ಏಕವ್ಯಕ್ತಿ ಅಧ್ಯಯನ ಬೇಡ. ಅದರ ಬದಲು ಲೋಲಕ ಒಂದು, ಮೊದಲು ನಾವೇ, ಆಮೇಲೆ ಎಂಟನೇ ಕ್ಲಾಸಿನ ಮಕ್ಕಳು, ಮಕ್ಕಳು ಹೇಳಿದ ಮಾತು ಹೇಳಿದ ಹಾಗೇ ಬರ್ಕೊಳ್ಳೋದು, ವ್ಯಾಖ್ಯಾನ ಆಮೇಲೆ. ಅಲಾರಾಂ ಡೈರಿ ಒಂದು, ಟ್ರೈನಿಗಳದ್ದೇ. ನನ್ನ ಕ್ಲಾಸಲ್ಲಿ ಮದುವೆಯಾಗಿ ಮಗು ಇರೋರೂ ಇದಾರೆ, ಅಪ್ಪ ಹೇಳಿದ್ರು ಅಂತ ಬಿ.ಎಡ್‌ಗೆ ಬಂದೆ ಅನ್ನೋರೂ ಇದಾರೆ, ಒಬ್ಬರು ತಾನು ಯಾರು, ಏನಾಗಬೇಕು ಅಂತ ಹುಡುಕಿ ತೀರ್ಮಾನ ಮಾಡಿದಾರಾ ಇಲ್ವಾ ಅಂತ ಮಾರ್ಸಿಯಾ ಹೇಳೋ ನಾಲ್ಕು ಸ್ಥಿತಿ ಪಾಠ ಮಾಡೋಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ 🙂 ಆದ್ರೆ ಬಲವಂತ ಮಾಡಲ್ಲ, ಹೇಳ್ಕೊಳ್ಳೋಕೆ ಇಷ್ಟ ಇದ್ದವರು ಮಾತ್ರ.

ರೆಕಾರ್ಡ್ ಕಮ್ಮಿ ಮಾಡೋದು ನನ್ನ ಕೈಲಿಲ್ಲ ಕಣಮ್ಮ, ಯೂನಿವರ್ಸಿಟಿ ಲಿಸ್ಟ್ ಅದು. ಮಾರ್ಜಿನ್ ಹಾಕಿಲ್ಲ ಅಂತ ನಾನು ಮಾರ್ಕ್ಸ್ ಕಟ್ ಮಾಡಲ್ಲ, ಅಷ್ಟು ಮಾಡಬಹುದು.

ಮೇಷ್ಟ್ರೇ, ಒಂದು ಡೌಟು. ದೊಡ್ಡ ನಟ್ಟು ಸಿಗದಿದ್ರೆ ಒಂದೇ ಸೈಜಿಂದು ಎರಡು ಮೂರು ಪೋಣಿಸಿದ್ರೆ ನಡೆಯುತ್ತಾ?

ಹಾಸನದ_ಸೈನ್ಸ್_ಮೇಷ್ಟ್ರು:

ಒಂದರ ಕೆಳಗೆ ಒಂದು ಬರೋ ಹಾಗೆ ಪೋಣಿಸಬೇಡಿ ಮೇಡಂ, ಆಗ ಭಾರದ ಜೊತೆ ಉದ್ದನೂ ಬದಲಾಗಿಬಿಡುತ್ತೆ, ಮಗು ಹೇಳಿದ್ದೇ ಸರಿ ಆಗಿ ನೀವು ಸಿಕ್ಕಿಹಾಕ್ಕೊಳ್ತೀರ. ಅಕ್ಕಪಕ್ಕ ಒಂದೇ ಗಂಟಿಗೆ ಕಟ್ಟಿ. ಅಳತೆ ಮೇಲೆ ಕಿಟಕಿ ಸರಳಿಗೆ ಕಟ್ಟಿದ ಗಂಟಿಂದ ನಟ್ಟಿನ ನಡುವಿನವರೆಗೆ. ಕಾಲು ಮೀಟರ್ ದಾರಕ್ಕೆ ಹತ್ತು ತೂಗು ಸುಮಾರು 10 ಸೆಕೆಂಡಿಗೆ ಮುಗಿಯುತ್ತೆ, ಒಂದು ಮೀಟರಿಗೆ 20 ಸೆಕೆಂಡು, ಹೋಗಿ ಬಂದ್ರೆ ಒಂದು ತೂಗು ಅಂತ ಲೆಕ್ಕ. ಈ ಎರಡು ಉದ್ದ ಇಟ್ಕೊಂಡ್ರೆ ಸ್ಟಾಪ್‌ವಾಚ್ ಇಲ್ದೇನೂ ಕಣ್ಣಿಗೆ ಗೊತ್ತಾಗುತ್ತೆ. ಫ್ಯಾನ್ ಆಫ್ ಮಾಡಿಸಿ. ಎಲಾಸ್ಟಿಕ್ ದಾರ ಬೇಡ, ಬಟ್ಟೆ ಹೊಲಿಯೋ ದಪ್ಪ ದಾರ ಸಾಕು.